ಲಿಫ್ಟಣ್ಣ ಏಳನೇ ಮಹಡಿಗೆ ಹೋದದ್ದು

ನಮ್ಮ ಕಟ್ಟಡದಲ್ಲಿ ಅವನನ್ನು ಎಲ್ಲರೂ ಲಿಫ್ಟಣ್ಣ ಎನ್ನುತ್ತಾರೆ. ಲಿಫ್ಟ್ ರಿಪೇರಿಯಲ್ಲಿ ಅವನ ಕೈ ಎಂಥದ್ದೆಂದರೆ, ಕೆಟ್ಟುನಿಂತ ಯಂತ್ರಕ್ಕೆ ಅವನ ಸ್ಪ್ಯಾನರಿನ ಸದ್ದು ಕೇಳಿದರೆ ಸಾಕು, ಅರ್ಧ ತಾನೇ ಸರಿಯಾಗಿ ಉಳಿದರ್ಧಕ್ಕೆ ಅವನ ದಾರಿ ಕಾಯುತ್ತಿತ್ತು. ಅಂಥವನು ಕಳೆದ ವರ್ಷ ಇನ್ಯಾವುದೋ ಕಟ್ಟಡದಲ್ಲಿ ಎರಡು ಮಹಡಿಗಳ ನಡುವೆ ಅರ್ಧ ದಿನ ಸಿಕ್ಕಿಹಾಕಿಕೊಂಡ. ಕರೆಂಟಿಲ್ಲ, ಗಾಳಿಯಿಲ್ಲ, ಕೂಗಿದರೆ ಕೇಳುವವರಿಲ್ಲ. ಹೊರಗೆ ಬಂದವನೇ, "ಅಯ್ಯೋ, ಏನಿಲ್ಲ ಬಿಡಿ" ಎಂದು ನಕ್ಕ. ಅಂದಿನಿಂದ ಲಿಫ್ಟಿನ ಬಾಗಿಲು ಮುಚ್ಚಿಕೊಳ್ಳುವುದನ್ನು ಕಂಡರೇ ಅವನು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದ.

ಇದನ್ನು ಯಾರಿಗೂ ಹೇಳಲಿಲ್ಲ. ಆನೆಮರಿಯ ತೂಕದ ಟೂಲ್‌ಬಾಕ್ಸ್ ಹೊತ್ತು ಮೆಟ್ಟಿಲು ಹತ್ತುತ್ತಿದ್ದ. ಕೇಳಿದರೆ, "ಹೊಟ್ಟೆ ಕರಗಿಸ್ತಿದೀನಿ ಸ್ವಾಮಿ" ಎನ್ನುತ್ತಿದ್ದ. ಹೊಟ್ಟೆ ನಿಜಕ್ಕೂ ಕರಗಿ ಪ್ಯಾಂಟು ಸೊಂಟದಲ್ಲಿ ನಿಲ್ಲದಾದಾಗ ಹೆಂಡತಿಗೆ ಗುಮಾನಿ ಬಂತು.

"ರೀ, ಲಿಫ್ಟ್ ರಿಪೇರಿ ಮಾಡೋರು ಲಿಫ್ಟೇ ಹತ್ತಲ್ಲ ಅಂದ್ರೆ, ಈಜು ಕಲಿಸೋರು ಸ್ನಾನ ಮಾಡಲ್ಲ ಅಂದ ಹಾಗಾಯ್ತು! ಏನಾಗಿದೆ ಹೇಳ್ರಿ."

ಹೇಳಿದ. ಹೇಳುತ್ತಾ ಅತ್ತ. ಹೊಸ ಲಿಫ್ಟ್ ನಮ್ಮ ಕಟ್ಟಡಕ್ಕೇ ಬರುತ್ತಿತ್ತು. ಜೋಡಿಸುವುದು ಅವನೇ. ತಪಾಸಣೆಗೆ ಬರುವ ಆಫೀಸರ ಜೊತೆ ಒಳಗೆ ನಿಂತು, ಕೆಳಗಿನಿಂದ ಏಳನೇ ಮಹಡಿಯ ತನಕ ಹೋಗಿ ತೋರಿಸಬೇಕಾದವನೂ ಅವನೇ. ಹಿಂದೆ ಸರಿದರೆ ಕಂಪನಿ ಅವನನ್ನು ಗೋಡೌನಿಗೆ ಹಾಕುತ್ತದೆ. ಅಲ್ಲಿ ಬೋಲ್ಟುಗಳಿಗೆ ಎಣ್ಣೆ ಒರೆಸಿಕೊಂಡು ಮುದುಕನಾಗಬೇಕು.

ಹೆಂಡತಿ ಅಂದೇ ಫೋನಿನಲ್ಲಿ ಹುಡುಕಿ, ದೂರದ ಊರಿನ ಒಬ್ಬ ಮನೋವೈದ್ಯೆಯನ್ನು ವಿಡಿಯೋದಲ್ಲಿ ಹಿಡಿದಳು. ಮನೆಯಲ್ಲಿ ಮಾತಾಡಲು ನಾಚಿಕೆಯಾಗಿ ಲಿಫ್ಟಣ್ಣ ನಮ್ಮ ಕಟ್ಟಡದ ತಾರಸಿಯಲ್ಲಿದ್ದ ಲಿಫ್ಟಿನ ಮೋಟಾರು ಕೋಣೆ ಸೇರಿ, ಫೋನನ್ನು ಟೂಲ್‌ಬಾಕ್ಸಿಗೆ ಒರಗಿಸಿ ಕೂರುತ್ತಿದ್ದ. ಒರಗಿಸಿದ ಭಂಗಿ ಹೇಗಿತ್ತೆಂದರೆ, ಮೊದಲ ವಾರ ಡಾಕ್ಟ್ರಮ್ಮ ಚಿಕಿತ್ಸೆ ಕೊಟ್ಟಿದ್ದು ಅವನ ಹಣೆಗೆ ಮಾತ್ರ.

ಅವರು ಒಂದು ಆ್ಯಪ್ ಹಾಕಿಸಿದರು. ಭಯವಾದಾಗ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ ಒತ್ತಬೇಕು.

"ಮೇಡಂ, ಇದರಲ್ಲಿ ನೂರು ಒತ್ತೋಕಾಗಲ್ವಾ? ನಂದು ಓವರ್‌ಲೋಡು."

"ಓವರ್‌ಲೋಡ್ ದೀಪ ಹತ್ತಿದ್ರೆ ಲಿಫ್ಟ್ ಕೆಟ್ಟೋಯ್ತು ಅಂತಾನಾ?"

"ಛೆ ಛೆ, ಇಲ್ಲ ಮೇಡಂ. ಭಾರ ಇಳಿದ್ರೆ ಆರಿಹೋಗತ್ತೆ."

"ನೀವೂ ಕೆಟ್ಟಿಲ್ಲ. ಓಡಿಹೋಗದೆ ಅಲ್ಲೇ ನಿಂತು ನೋಡಿ, ಭಯ ನಿಧಾನಕ್ಕೆ ಇಳಿಯುತ್ತೆ."

ಈ ಮಾತು ಅವನಿಗೆ ಸಿಮೆಂಟಿನಂತೆ ಹಿಡಿಯಿತು. ಹೊಸ ಲಿಫ್ಟ್ ಜೋಡಿಸಿ ಮುಗಿದಮೇಲೆ, ಮೊದಲು ಬಾಗಿಲು ತೆರೆದಿಟ್ಟು ಅದರಲ್ಲಿ ನಿಂತ. ಆಮೇಲೆ ಮುಚ್ಚಿ ನಿಂತ. ಆದರೆ ಬಾಗಿಲು ಮುಚ್ಚಿ ಮೇಲೆ ಹೊರಟ ದಿನ, ಸಿಗ್ನಲ್ ಸತ್ತು ಡಾಕ್ಟ್ರಮ್ಮ ಬಾಯಿ ತೆರೆದಂತೆಯೇ ಪರದೆಯಲ್ಲಿ ಕಲ್ಲಾದರು. ಉಕ್ಕಿನ ಪೆಟ್ಟಿಗೆಯೊಳಗೆ ಸಿಗ್ನಲ್ ಬರುವುದಿಲ್ಲವೆಂದು ಊರಿಗೆಲ್ಲ ಹೇಳುವವನು ಅದನ್ನೇ ಮರೆತಿದ್ದ! ಮೊದಲ ಮಹಡಿಯಲ್ಲೇ ಹೊರಗೆ ಹಾರಿ, ಮೆಟ್ಟಿಲ ಮೇಲೆ ಕುಸಿದು ಕೂತ.

ತಪಾಸಣೆ ಸೋಮವಾರಕ್ಕೆ ನಿಗದಿಯಾಯಿತು. ಭಾನುವಾರ ಬೆಳಗ್ಗೆ ಅವನಿಗೆ ಮಿಂಚಿನಂತೆ ಹೊಳೆಯಿತು: ಲಿಫ್ಟಿನೊಳಗೆ ಇಂಟರ್‌ಕಾಮ್ ಇದೆಯಲ್ಲ! ಗುಂಡಿ ಒತ್ತಿದರೆ ಗೇಟಿನ ವಾಚ್‌ಮನ್ ಕೋಣೆಗೆ ಮಾತು ಹೋಗುತ್ತದೆ. ಹೆಂಡತಿಯನ್ನು ಅಲ್ಲಿ ಕೂರಿಸಿದ. ಒಂದು ಕೈಯಲ್ಲಿ ಇಂಟರ್‌ಕಾಮ್ ರಿಸೀವರು, ಇನ್ನೊಂದರಲ್ಲಿ ಡಾಕ್ಟ್ರಮ್ಮ ಇರುವ ಮೊಬೈಲು, ಒಂದರ ಬಾಯಿ ಇನ್ನೊಂದರ ಕಿವಿಗೆ ತಾಗುವಂತೆ ಹಿಡಿದು ಅವಳು ಕೂತಳು.

ನಾನು ಕೆಳಗಿನ ಹಜಾರದಲ್ಲಿ ಪೇಪರ್ ಓದುತ್ತಿದ್ದೆ. ಭಾನುವಾರವಾದ್ದರಿಂದ ಅರ್ಧ ಕಟ್ಟಡ ಅಲ್ಲೇ ಹರಟುತ್ತಿತ್ತು. ಇದ್ದಕ್ಕಿದ್ದಂತೆ ಗೋಡೆಯ ಸ್ಪೀಕರು ಗುಡುಗಿತು: "ಮೇಡಂ, ಬಾಗಿಲು ಮುಚ್ಚಿತು. ಒಂಬತ್ತು!"

"ಒಂಬತ್ತಾ? ನಮಗಿರೋದೇ ಏಳು ಮಹಡಿ ಕಣಪ್ಪ," ಎಂದರು ಮೂರನೇ ಮಹಡಿಯ ಅಜ್ಜಿ.

"ಎದೆ ಹೊಡ್ಕೊಳ್ತಿದೆ ಮೇಡಂ. ಆವತ್ತಿನ ಹಾಗೇ ಸಿಕ್ಕಿಹಾಕ್ಕೊಂಡ್ರೆ?"

ಆಗ ಎಲ್ಲರಿಗೂ ಅರ್ಥವಾಯಿತು. ಬೆಂಕಿ ಎಚ್ಚರಿಕೆ ಪರೀಕ್ಷಿಸಲು ಹೋದ ವಾರ ಇಂಟರ್‌ಕಾಮ್ ತಂತಿಯನ್ನು ಹಜಾರದ ಸ್ಪೀಕರಿಗೆ ಸೇರಿಸಿದವನು ಲಿಫ್ಟಣ್ಣನೇ. ಬಿಚ್ಚಲು ಮರೆತವನೂ ಅವನೇ. ವರ್ಷವಿಡೀ ಹೊಟ್ಟೆಯ ನೆಪದಲ್ಲಿ ಮುಚ್ಚಿಟ್ಟಿದ್ದನ್ನು ಈಗ ತಾನೇ ಊರಿಗೆ ಸಾರುತ್ತಿದ್ದ. ನಾನು ಚಪ್ಪಲಿಯನ್ನೂ ಮೆಟ್ಟದೆ ಗೇಟಿನತ್ತ ಓಡಿದೆ. ಆ ವೇಗಕ್ಕೆ ಗಾಳಿಯೇ ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು. ಸಂಗತಿ ಕೇಳಿ ಅವನ ಹೆಂಡತಿಯ ಮುಖ ಬಿಳಚಿತು. ಡಾಕ್ಟ್ರಮ್ಮ ಮಾತ್ರ ನೇರವಾಗಿ ಹೇಳಿಬಿಟ್ಟರು:

"ನೋಡಿ, ನಿಮ್ಮ ಮಾತು ಹಜಾರಕ್ಕೆಲ್ಲ ಕೇಳ್ತಿದೆಯಂತೆ. ನಿಲ್ಲಿಸೋಣವಾ? ನೀವು ಹೇಳಿದ ಹಾಗೆ."

ಹೆಂಡತಿ ರಿಸೀವರನ್ನು ಕಿವಿಗೆ ಒತ್ತಿ ಹಿಡಿದಳು.

"ಯಾರ್ಯಾರಿದಾರೆ ಅಲ್ಲಿ?"

"ಎಲ್ಲಾರೂ ಇದಾರೆ ರೀ," ಎಂದಳು ಅಳುದನಿಯಲ್ಲಿ.

"ಮೂರನೇ ಮಹಡಿ ಅಜ್ಜೀನೂ?"

"ಅವರೂ."

ಆಮೇಲೆ ಕೇಳಿದ್ದು, ದೇವರಾಣೆ, ನಗು. "ಹಾಗಾದ್ರೆ ಇನ್ನು ಯಾರಿಂದ ಮುಚ್ಚಿಡೋದು! ಮೇಡಂ, ಗುಟ್ಟೇ ಜಾಸ್ತಿ ತೂಕ ಇತ್ತು ಕಣ್ರೀ. ಏಳಕ್ಕಿಳೀತು. ಏಳನೇ ಮಹಡಿ ಗುಂಡಿ ಒತ್ತಲಾ?"

"ಒತ್ತಿ!" ಎಂದರು ಡಾಕ್ಟ್ರಮ್ಮ. "ಒತ್ತೋ ಮಾರಾಯ!" ಎಂದು ನಾನೂ ಕಿರುಚಿದೆ.

ಹೆಂಡತಿ ಕದಲುವಂತಿರಲಿಲ್ಲ, ಅವಳ ಪರವಾಗಿ ನಾನು ವಾಪಸ್ ಓಡಿದೆ. ಹಜಾರದಲ್ಲಿದ್ದವರೆಲ್ಲ ಆಗಲೇ ಮೆಟ್ಟಿಲಿಗೆ ಮುಗಿಬಿದ್ದಿದ್ದರು. ಲಿಫ್ಟ್ ಒಂದು ಕಡೆ ಏರುತ್ತಿದೆ, ಪಕ್ಕದ ಮೆಟ್ಟಿಲಲ್ಲಿ ಕಟ್ಟಡವೇ ಏರುತ್ತಿದೆ! ಕೈಗೋಲಿಲ್ಲದೆ ಬಚ್ಚಲಿಗೂ ಹೋಗದ ಅಜ್ಜಿ ಕೈಗೋಲನ್ನು ಕಂಕುಳಲ್ಲಿಟ್ಟು ನನ್ನನ್ನು ಹಿಂದೆ ಹಾಕಿದರು. ಕೆಳಗಿನಿಂದ ಸ್ಪೀಕರು ಕೂಗುತ್ತಲೇ ಇತ್ತು: "ನಾಲ್ಕನೇ ಮಹಡಿ, ಆರು... ಐದನೇ ಮಹಡಿ... ಅಯ್ಯೋ, ಎಂಟು! ಇರಿ ಮೇಡಂ, ನಿಂತಿದೀನಿ, ಓಡಲ್ಲ... ಐದು..."

ಏಳನೇ ಮಹಡಿಯಲ್ಲಿ ಬಾಗಿಲು ತೆರೆಯಿತು. ಬೆವರಿನಲ್ಲಿ ತೊಯ್ದು ಒಗೆದ ಬಟ್ಟೆಯಂತಾಗಿದ್ದ ಲಿಫ್ಟಣ್ಣ ಒಳಗೆ ನೆಟ್ಟಗೆ ನಿಂತಿದ್ದ. ಎದುರಿಗೆ ಏದುಸಿರು ಬಿಡುವ ನಾವು.

"ಮೂರು," ಎಂದ.

ಚಪ್ಪಾಳೆ ಹೊಡೆಯಲು ಯಾರಿಗೂ ಉಸಿರಿರಲಿಲ್ಲ. ಅಜ್ಜಿ ಮಾತ್ರ ಕೈಗೋಲಿನಿಂದ ನೆಲ ಕುಟ್ಟಿದರು. "ಭೇಷ್ ಮಗನೇ! ಈಗ ನನ್ನ ಇದ್ರಲ್ಲೇ ಕೆಳಗಿಳಿಸು. ಮೆಟ್ಟಿಲು ಇಳಿಯೋದಂದ್ರೆ ನನಗೆ ಹತ್ತಕ್ಕೆ ಹನ್ನೊಂದು."

ಅವನು ಅವರ ಕೈ ಹಿಡಿದು ಒಳಗೆ ಕರೆದುಕೊಂಡ, ಬಾಗಿಲು ಮುಚ್ಚಿತು. ಕೆಳಗೆ ಬಂದವನು ಮೊದಲು ಮಾಡಿದ ಕೆಲಸವೆಂದರೆ ಕಟಿಂಗ್ ಪ್ಲೇಯರ್ ತಂದು ಆ ಸ್ಪೀಕರಿನ ತಂತಿ ಕತ್ತರಿಸಿದ್ದು.

ಸೋಮವಾರ ಆಫೀಸರು ಬಂದರು. ಮನುಷ್ಯರೋ ಗೋದಾಮೋ ಎನ್ನುವಂಥ ಗಾತ್ರ. ಇಬ್ಬರೂ ಒಳಗೆ ಹೋದರು, ಏಳಕ್ಕೆ ಏರಿದರು, ಪ್ರತಿ ಮಹಡಿಯಲ್ಲೂ ನಿಂತು ಇಳಿದರು. ಆಫೀಸರು ಸಹಿ ಹಾಕಿ ಹೊರಟಮೇಲೆ ಲಿಫ್ಟಣ್ಣ ಫೋನು ತೆಗೆದು ಆ್ಯಪಿನಲ್ಲಿ ಎರಡು ಒತ್ತಿದ. ಹೆಂಡತಿ ಇಣುಕಿದಳು.

"ಎಲ್ಲಾ ಆಯ್ತಲ್ರೀ, ಆ ಎರಡು ಇನ್ನೂ ಯಾಕೆ?"

"ಅದು ಭಯದ್ದಲ್ಲ ಕಣೇ," ಎಂದ, "ಆಫೀಸರ ತೂಕದ್ದು."