ಬಲಕ್ಕೆ ಬಿದ್ದ ಹೂವು

ಆಗ ನಮ್ಮೂರಲ್ಲಿ ಯಾರ ಮನೆಯಲ್ಲೂ ಫೋನು ಇರಲಿಲ್ಲ. ದೂರ ಹೋದವರ ದನಿ ಕೇಳಬೇಕೆಂದರೆ ಹುಣಸೂರಿನ ಎಸ್‌ಟಿಡಿ ಬೂತಿನಲ್ಲಿ ಕೆಂಪು ಅಂಕಿ ಓಡುವುದನ್ನು ನೋಡುತ್ತಾ ಅವಸರದಲ್ಲಿ ಮಾತಾಡಬೇಕಿತ್ತು. ಬೇಸಿಗೆ ಬಂತೆಂದರೆ ನಮ್ಮ ಕಡೆಯ ಎಷ್ಟೋ ಮನೆಯವರು ಬೀಗ ಹಾಕಿಕೊಂಡು ಕೆಲಸ ಇದ್ದಲ್ಲಿಗೆ ಹೊರಡುತ್ತಿದ್ದರು. ಮುಂಗಾರು ಬೀಳುವ ಹೊತ್ತಿಗೆ ಹೊಗೆಸೊಪ್ಪಿನ ಸಸಿ ನೆಡಲು ವಾಪಸ್ಸು ಬರುತ್ತಿದ್ದರು. ಅಂಥ ಒಂದು ಬೇಸಿಗೆಯಲ್ಲಿ ನಾನು ಸಮುದ್ರದ ಪಕ್ಕ ಇದ್ದೆ. ನನಗಾಗ ಹತ್ತು ವರ್ಷ.

ಹೋದ ತಿಂಗಳು ನೀವು ಪ್ರವಾಸಕ್ಕೆ ಹೋಗಿ ಬಂದು, "ಅಜ್ಜಿ, ನೀನು ಸಮುದ್ರ ನೋಡಿದ್ದೀಯಾ?" ಎಂದು ಕೇಳಿದಿರಿ. ನಾನು ಹೂಂ ಎಂದು ಅಡುಗೆ ಮನೆಗೆ ಹೋದೆ. ಮಾತಾಡಲು ನನಗೆ ಮೊದಲಿನಿಂದಲೂ ಬಾಯಿ ಬರುವುದಿಲ್ಲ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮಂಗಳೂರು ಎಂದು ಹೇಳುತ್ತಿದ್ದೆವೇ ಹೊರತು ನಾವಿದ್ದದ್ದು ಪೇಟೆಯಾಚೆ, ಹೊಳೆ ಕಡಲು ಸೇರುವ ಕಡೆ. ಒಂದು ಪಕ್ಕ ಹೊಳೆ, ಇನ್ನೊಂದು ಪಕ್ಕ ಕಡಲು, ನಡುವೆ ಉದ್ದಕ್ಕೆ ಮರಳು. ಆ ಮರಳಿನ ಮೇಲೆ ಮೀನುಗಾರರ ಮೂವತ್ತು ನಲವತ್ತು ಮನೆ, ಅವರದೇ ಒಂದು ಭಜನಾ ಮಂದಿರ. ಅದರಾಚೆ ಮಸೀದಿಯ ಸುತ್ತ ಬ್ಯಾರಿಗಳ ಓಣಿ. ಹೊಳೆ ದಾಟಿದರೆ ಅಂಗಳದಲ್ಲಿ ಶಿಲುಬೆ ನೆಟ್ಟ ಮನೆಗಳು. ಎಲ್ಲರ ಮಾತೂ ಬೇರೆ, ದೇವರೂ ಬೇರೆ, ಸಾರಿನ ವಾಸನೆಯೂ ಬೇರೆ. ಎಲ್ಲರಿಗಿಂತ ತುದಿಗೆ, ಅಲೆ ಬಂದು ಹೋಗುವ ದಡಕ್ಕೆ ಹತ್ತಿರದಲ್ಲಿ, ತೆಂಗಿನ ಗರಿ ಹೊದಿಸಿದ ನಮ್ಮ ಹನ್ನೊಂದು ಶೆಡ್ಡು. ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಹನ್ನೊಂದು ಸಂಸಾರ. ಅಲ್ಲಿಯವರು ನಮ್ಮೆಲ್ಲರನ್ನೂ ಸೇರಿಸಿ "ಮೈಸೂರಿನವರು" ಎನ್ನುತ್ತಿದ್ದರು. ನಮ್ಮನ್ನು ಕರೆತಂದವನು ಮೇಸ್ತ್ರಿ ಸ್ವಾಮಣ್ಣ. ಹೊಳೆಯಾಚೆ ಪೇಟೆಯಲ್ಲಿ ಏಳುತ್ತಿದ್ದ ಮಹಡಿಗಳಿಗೆ ಗಂಡಸರು ಗಾರೆ ಕಲಸುತ್ತಿದ್ದರು, ಹೆಂಗಸರು ಇಟ್ಟಿಗೆ ಹೊರುತ್ತಿದ್ದರು. ಬೆಳಿಗ್ಗೆ ದೋಣಿ ಹತ್ತಿದರೆ ಬರುವುದು ಸಂಜೆಗೇ.

ಹಗಲೆಲ್ಲ ನಾನು ಮತ್ತು ಅಜ್ಜಿ. ಅಜ್ಜಿ ನನ್ನವ್ವನ ತಾಯಿ. ಗಂಡುಮಕ್ಕಳಿಲ್ಲದ್ದರಿಂದ ನಮ್ಮ ಜೊತೆಯಲ್ಲೇ ಇದ್ದಳು. ಎಲ್ಲಿಗೆ ಹೊರಟರೂ ಅವಳ ಸೀರೆ ಗಂಟಿನಲ್ಲಿ ಕೋಡಿ ಮಾರಮ್ಮ ಇರಬೇಕು. ನಮ್ಮೂರ ಕೆರೆ ತುಂಬಿದಾಗ ಹೆಚ್ಚಿನ ನೀರು ಹರಿದು ಹೋಗುವ ಕೋಡಿಯ ಮೇಲೆ ಕೂತು ಏರಿ ಒಡೆಯದಂತೆ ಕಾಯುವ ದೇವತೆ ಅವಳು. ಅಲ್ಲಿಂದ ಅಪ್ಪಣೆ ಕೇಳಿ ತಂದ ಅಂಗೈಯಗಲದ ಕಲ್ಲನ್ನು ಅಜ್ಜಿ ಶೆಡ್ಡಿನ ಮೂಲೆಯಲ್ಲಿಟ್ಟು ಅರಿಸಿನ ಹಚ್ಚಿದ್ದಳು. ಹನ್ನೊಂದು ಸಂಸಾರವೂ ಅದಕ್ಕೇ ಕೈಮುಗಿದು ದೋಣಿ ಹತ್ತುತ್ತಿತ್ತು.

ಊರಲ್ಲಿ ಹುಡುಗರು ನನ್ನನ್ನು ಮೂಗಿ ಎಂದು ಕರೆಯುತ್ತಿದ್ದರು. ನನಗೊಬ್ಬಳೂ ಗೆಳತಿ ಇರಲಿಲ್ಲ. ಇಲ್ಲಿ ಮೂರನೆಯ ದಿನವೇ ಮೀನುಗಾರರ ಮನೆಯ ಜಯಂತಿ ಎದುರಿಗೆ ಬಂದು ನಿಂತಳು.

"ನಿಂಗೆ ಬಾಯಿ ಉಂಟಾ ಇಲ್ವಾ?"

ನಾನು ನಾಲಿಗೆ ಚಾಚಿ ತೋರಿಸಿದೆ. ಅವಳು ಬಿದ್ದು ಬಿದ್ದು ನಕ್ಕಳು. ಅವತ್ತಿನಿಂದ ಇಬ್ಬರ ಪಾಲಿನ ಮಾತನ್ನೂ ಅವಳೇ ಆಡಿದಳು. ಒದ್ದೆ ಮರಳಿನ ಮೇಲೆ ಚಿಪ್ಪಿನಿಂದ ಗೆರೆ ಎಳೆದು ಕುಂಟೆಬಿಲ್ಲೆ ಆಡುತ್ತಿದ್ದೆವು. ಒಂದು ಅಲೆ ಬಂದು ಮನೆಗಳನ್ನೆಲ್ಲ ಅಳಿಸಿ ಹೋದರೆ ಮತ್ತೆ ಎಳೆಯುತ್ತಿದ್ದೆವು. ಒಣಹಾಕಿದ ಮೀನನ್ನು ಕಾಗೆ ಕಚ್ಚದಂತೆ ಕಾಯುವುದು ಅವಳ ಕೆಲಸ. ಆ ವಾಸನೆಗೆ ಮೊದಲ ದಿನ ವಾಂತಿ ಮಾಡಿಕೊಂಡ ನನಗೆ ಹದಿನೈದೇ ದಿನದಲ್ಲಿ ಅದಿಲ್ಲದೆ ನಿದ್ದೆ ಬರದಂತಾಯಿತು.

ಒಂದು ದಿನ ಅಜ್ಜಿ ಮುದ್ದೆ ಕಟ್ಟುತ್ತಿದ್ದಾಗ ಜಯಂತಿ ಬಗ್ಗಿ ನೋಡಿದಳು. "ಇದೆಂತ ಅಜ್ಜಿ, ಸಿಮೆಂಟಾ?"

"ಊಂ ಕಣವ್ವ, ಸಿಮೆಂಟೇಯ. ಒಂದ್ ತುತ್ತು ನುಂಗ್ನೋಡು, ಸಂಜೆಗಂಟ ಒಟ್ಟೆ ಅಳ್ಳಾಡಾಕಿಲ್ಲ."

ಜಯಂತಿ ಅಗಿದು ಅಗಿದು ಹಲ್ಲಿಗೆ ಮೆತ್ತಿಕೊಂಡಳು. ಅಜ್ಜಿ ನಕ್ಕು ನಕ್ಕು ಕಣ್ಣೊರೆಸಿಕೊಂಡಳು.

ಮೇ ತಿಂಗಳ ಕೊನೆಗೆ ಜಯಂತಿಯ ತಾಯಿ ಗಿರಿಜಕ್ಕ ನಮ್ಮ ಶೆಡ್ಡಿಗೆ ಬಂದರು.

"ಮಳೆ ಶುರುವಾಗುವ ಮೊದ್ಲು ನೀವು ಹೊರಡಿ ಅಜ್ಜಿ. ಈ ಜಾಗದಲ್ಲಿ ನಾವೇ ಮನೆ ಕಟ್ಲಿಲ್ಲ, ನೋಡಿ. ಮಳೆಗಾಲಕ್ಕೆ ಕಡಲು ಮೇಲೆ ಬರ್ತದೆ."

"ನಮ್ಮೂರ್ ಕೆರೆನೂ ಬತ್ತದೆ ಕಣವ್ವ. ಕೋಡಿ ಬಿದ್ದು ಎರ್ಡ್ ದಿನ್ಕೆ ಇಳ್ಕತ್ತದೆ."

"ಇದು ಕೆರೆ ಅಲ್ಲ ಅಜ್ಜಿ. ಇದಕ್ಕೆ ಕೋಡಿ ಇಲ್ಲ."

ಅದೇ ವಾರ ಮೇಸ್ತ್ರಿ ಸ್ವಾಮಣ್ಣ ಬೇರೆಯೇ ಮಾತು ತಂದ. "ಒಳ್ಗಡೆ ಗಾರೆ ಕೆಲ್ಸ ಐತೆ, ಮಳೇಲೂ ನಿಲ್ಲಾಕಿಲ್ಲ. ಈ ವರ್ಸ ಊರಿಗೋಗದ್ ಬ್ಯಾಡ, ಇಲ್ಲೇ ಇರಾನ." ಅಪ್ಪ ಇರೋಣ ಎಂದ. ಕೆ.ಆರ್. ನಗರ ಕಡೆಯ ನಿಂಗಣ್ಣ ಹೋಗೋಣ ಎಂದ.

"ಸಮುದ್ರುದ್ ಜನವೇ ಬ್ಯಾಡ ಅಂತಾವ್ರೆ, ನಿಮ್ಗೇನ್ ಬಂದದೆ ಗ್ಯಾನ?"

"ಎಂಡ್ತಿ ಊರಲ್ಲವ್ಳೆ, ಬುಟ್ಟಿರಾಕ್ ಆಯ್ತಿಲ್ಲ ಅನ್ನು, ಸಮುದ್ರುದ್ ಮ್ಯಾಲ್ ಯಾಕಾಕೀಯ?" ಎಂದು ಯಾರೋ ಕೆಣಕಿದರು. ನಗು, ಆಮೇಲೆ ಜಗಳ. ಎರಡು ದಿನ ಶೆಡ್ಡುಗಳ ನಡುವೆ ಮಾತೇ ನಿಂತುಹೋಯಿತು. ಕೊನೆಗೆ ಅಜ್ಜಿ ಎದ್ದು ನಿಂತಳು.

"ನೀವ್ಯಾಕ್ ಕಿತ್ತಾಡೀರಿ? ಮಂಗ್ಳವಾರ ಮಾರಮ್ಮನ್ನೇ ಕೇಳಾನ. ಅವಳು ಅಂದಂಗೆ."

ಹೂ ಕೇಳುವುದು ಈಗಲೂ ನಮ್ಮ ಕಡೆ ಇದೆ, ನೀವು ನೋಡಿರಲಿಕ್ಕಿಲ್ಲ. ಒದ್ದೆ ಕಲ್ಲಿನ ಎಡಕ್ಕೂ ಬಲಕ್ಕೂ ಹೂವಿನ ಎಸಳು ಅಂಟಿಸಿ, ಎದುರಿಗೆ ಕೂತು ಕೇಳಿಕೊಳ್ಳಬೇಕು. ನೀರು ಆರುತ್ತಾ ಬಂದಂತೆ ಯಾವ ಕಡೆಯದು ಮೊದಲು ಉದುರುತ್ತದೋ ಅದೇ ಅಪ್ಪಣೆ. ಉದುರದೆ ಉಳಿದದ್ದನ್ನು ಆ ದಿನ ಯಾರೂ ಮುಟ್ಟುವಂತಿಲ್ಲ. ಇನ್ನೂ ದೊಡ್ಡವಳಾಗದ ಹುಡುಗಿ ಹೂ ಅಂಟಿಸಬೇಕು. ಹನ್ನೊಂದು ಶೆಡ್ಡಿನಲ್ಲೂ ಅಂಥವಳು ನಾನೊಬ್ಬಳೇ.

ನನಗೆ ಊರಿಗೆ ಹೋಗುವುದು ಬೇಡವಾಗಿತ್ತು. ಜೂನಿನಲ್ಲಿ ಇಲ್ಲಿಯ ಶಾಲೆಯಲ್ಲಿ ಐದನೆಯ ಕ್ಲಾಸಿಗೆ ಕೂರಿಸಿಕೊಳ್ಳುತ್ತೇವೆ ಎಂದು ಟೀಚರು ಗಿರಿಜಕ್ಕನಿಗೆ ಹೇಳಿದ್ದರು. ಜಯಂತಿ ತನ್ನ ಪಕ್ಕದ ಜಾಗ ನನಗೇ ಎಂದಿದ್ದಳು. ಹುಟ್ಟಿದ ಮೇಲೆ ನನಗಾಗಿ ಯಾರೂ ಜಾಗ ಹಿಡಿದಿರಲಿಲ್ಲ.

ಸೋಮವಾರ ಜಯಂತಿಯ ಮನೆಯಲ್ಲಿ ಹಲಸಿನ ಹಣ್ಣು ಕೊಯ್ದರು. ಗಿರಿಜಕ್ಕ ಕತ್ತಿಗೆ ಹತ್ತಿದ ಬಿಳಿ ಮೇಣವನ್ನು ಒಂದು ಕಡ್ಡಿಗೆ ಸುತ್ತಿ ಸುತ್ತಿ ಇಟ್ಟರು. "ಕೈಗೆ ತೆಂಗಿನೆಣ್ಣೆ ಹಚ್ಚಿಕೊ ಮಗಾ, ಮೇಣ ಹಿಡಿದ್ರೆ ಬಿಡುದಿಲ್ಲ" ಎಂದರು. ಹಣ್ಣು ತಿಂದು ಬರುವಾಗ ಆ ಕಡ್ಡಿಯನ್ನು ಲಂಗದ ನೆರಿಗೆಯಲ್ಲಿ ತಂದೆ.

ಮಂಗಳವಾರ ಬೆಳಿಗ್ಗೆ ಅಜ್ಜಿ ಮೀಯಲು ಬಾವಿಗೆ ಹೋದಾಗ ಕಲ್ಲಿನ ಎಡಭಾಗಕ್ಕೆ ಮೇಣ ಸವರಿ, ಎರಡು ಕಣಗಿಲೆ ಎಸಳು ಒತ್ತಿದೆ. ಬಲಭಾಗಕ್ಕೆ ಬರೀ ನೀರಿನಲ್ಲಿ ಅಂಟಿಸಿದೆ. ಎಲ್ಲರೂ ಬಂದು ಕೂತರು. ಅಜ್ಜಿ ಒದ್ದೆ ಸೀರೆಯಲ್ಲೇ ಕೈಮುಗಿದಳು.

"ಅವ್ವಾ, ಮಳೆಗಾಲ ಇಲ್ಲೇ ಕಳೀಬೋದು ಅನ್ನಂಗಿದ್ರೆ ಬಲಕ್ಕೆ ಕೊಡು. ಓಗ್ರಪ್ಪ ಊರಿಗೆ ಅನ್ನಂಗಿದ್ರೆ ಎಡಕ್ಕೆ ಕೊಡು. ನಿನ್ ಮಕ್ಳು ನಾವು, ಸುಳ್ಳಾಡ್ಬ್ಯಾಡ."

ದೋಣಿಯವನು ಎರಡು ಸಲ ಕೂಗಿದ. ಯಾರೂ ಏಳಲಿಲ್ಲ. ಗಾಳಿ ಬಂತು. ಬಲಗಡೆಯ ಎಸಳು ಒಂದು ಅಂಚು ಎತ್ತಿ, ಮೆಲ್ಲಗೆ ಜಾರಿ, ಅಜ್ಜಿಯ ಮಡಿಲ ಮುಂದೆ ಬಿತ್ತು.

"ಕೊಟ್ಲು! ಬಲಕ್ ಕೊಟ್ಲು!" ಎಂದು ಅವ್ವ ಕೂಗಿದಳು. ನಿಂಗಣ್ಣ ಕೂಡ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡ. "ಅವಳೇ ಏಳುದ್ ಮ್ಯಾಲೆ ಇನ್ನೇನದೆ ಬುಡ್ರಪ್ಪ" ಎಂದು, ಕಟ್ಟಿಟ್ಟಿದ್ದ ಗಂಟು ಬಿಚ್ಚಲು ಹೋದ. ಸಂಜೆ ಯಾರೂ ಇಲ್ಲದಾಗ ನಾನು ತೆಂಗಿನೆಣ್ಣೆ ಹಚ್ಚಿ ಮೇಣ ಒರೆಸಿದೆ. ನಿಜ ಹೇಳುತ್ತೇನೆ, ಆಗ ನನಗೆ ಭಯವಾಗಲಿಲ್ಲ. ಖುಷಿಯಾಯಿತು.

ಶಾಲೆ ಶುರುವಾಯಿತು. ಜಯಂತಿಯ ಅಕ್ಕನ ಹಳೆಯ ನೀಲಿ ಲಂಗ ಹಾಕಿಕೊಂಡು ಅವಳ ಪಕ್ಕ ಕೂತೆ. ಒಂದು ವಾರ ಅಷ್ಟೇ. ಆಮೇಲೆ ಮಳೆ ಹಿಡಿಯಿತು. ನಮ್ಮ ಕಡೆಯ ಮಳೆಯ ಹಾಗೆ ಬಂದು ಹೋಗುವ ಮಳೆಯಲ್ಲ, ನಿಂತ ಮಳೆ. ಕಡಲಿನ ಬಣ್ಣ ಹೊಲದ ಕೆಸರಿನಂತಾಯಿತು. ಅದರ ಸದ್ದು ಕಿವಿಗಿಂತ ಮೊದಲು ಪಾದಕ್ಕೆ ತಿಳಿಯುತ್ತಿತ್ತು. ಮೀನುಗಾರರು ದೋಣಿಗಳನ್ನು ರಸ್ತೆಯವರೆಗೂ ಎಳೆದು ಕಟ್ಟಿದರು. ನಮ್ಮ ಶೆಡ್ಡಿನ ಮುಂದಿದ್ದ ಎರಡು ತೆಂಗಿನ ಮರಗಳ ಬೇರುಗಳು ಮರಳು ಕೊಚ್ಚಿಹೋಗಿ ಹೊರಬಿದ್ದು, ಬಾಚದ ಕೂದಲಿನಂತೆ ಗಾಳಿಗೆ ಆಡತೊಡಗಿದವು.

ಗಿರಿಜಕ್ಕ ಮತ್ತೆ ಬಂದು ಭಜನಾ ಮಂದಿರದ ಬಾಗಿಲು ತೆಗೆಸಿದ್ದೇವೆ, ಎಲ್ಲರೂ ಬನ್ನಿ ಎಂದರು. ಹತ್ತು ಸಂಸಾರದವರು ಪಾತ್ರೆ ಪಡಗ ಹೊತ್ತು ಹೋದರು. ಅಜ್ಜಿ ಮಾತ್ರ ಕಲ್ಲಿನ ಪಕ್ಕ ಕೂತೇ ಇದ್ದಳು.

"ಏಳವ್ವಾ, ನಿನ್ ಕಾಲಿಗ್ ಬೀಳ್ತೀನಿ" ಎಂದಳು ಅವ್ವ.

"ನಾನ್ಯಾಕ್ ಏಳ್ಲಿ? ಬಲಕ್ ಕೊಟ್ಟವ್ಳೆ. ಅವಳು ಕೊಟ್ ಮಾತ್ ಮೀರಿ ಎದ್ರೆ ಅವಳ್ಗ್ ಅವಮಾನ ಅಲ್ವ?"

"ಮದ್ಯಾನ್ಕೆ ಬಂದು ಒತ್ಕಂಡೇ ಓಯ್ತೀನಿ ಬುಡು" ಎಂದು ಅಪ್ಪ ಅವ್ವನನ್ನು ಕರೆದುಕೊಂಡು ಕೆಲಸಕ್ಕೆ ಹೋದ.

ಶೆಡ್ಡಿನಲ್ಲಿ ಉಳಿದವರು ನಾವಿಬ್ಬರೇ. ನಾನು ಶಾಲೆಯ ಚೀಲ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತೆ. ಹೇಳಬೇಕಿದ್ದದ್ದು ಆಗಲೇ. ನಾಲ್ಕೇ ಮಾತು. ಹೊಡೆಯುತ್ತಿದ್ದಳು, ಅಷ್ಟೇ.

"ಅಜ್ಜಿ..."

"ಏನ್ ಮಗ?"

"ಏನಿಲ್ಲ."

"ಓಗು, ಒತ್ತಾಯ್ತು. ಜಯಂತಿ ಕಾಯ್ತಾಳೆ."

ನಾನು ಹೋದೆ.

ಮಧ್ಯಾಹ್ನದ ಗಂಟೆ ಹೊಡೆಯುವ ಮೊದಲೇ ಹೆಡ್‌ಮಾಸ್ತರು ಎಲ್ಲರನ್ನೂ ಮನೆಗೆ ಬಿಟ್ಟರು. ನಾನೂ ಜಯಂತಿಯೂ ಮಳೆಯಲ್ಲಿ ಓಡಿದೆವು. ದಡದಲ್ಲಿ ಜನ ನಿಂತಿದ್ದರು. ನಮ್ಮ ಹನ್ನೊಂದು ಶೆಡ್ಡು ಇದ್ದ ಜಾಗದಲ್ಲಿ ಮರಳೂ ಇರಲಿಲ್ಲ, ನೀರಿತ್ತು. ಆ ಎರಡು ತೆಂಗಿನ ಮರ ಮಲಗಿದ್ದವು. ಗಿರಿಜಕ್ಕನ ಗಂಡ ಮತ್ತು ನಾಲ್ಕು ಜನ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಅಲೆಯೊಳಗೆ ಹೋಗಿ ಹೋಗಿ ಬರುತ್ತಿದ್ದರು. ಜಯಂತಿ ನನ್ನ ಕೈ ಹಿಡಿದುಕೊಂಡಳು. ಅವಳ ಬಾಯಲ್ಲಿ ಮಾತಿಲ್ಲದ್ದನ್ನು ನಾನು ಕಂಡದ್ದು ಅವತ್ತೊಂದೇ ದಿನ.

ಅವ್ವ ದೋಣಿಯಿಂದ ಇಳಿದವಳು ನೀರಿನ ಅಂಚಿಗೆ ಓಡಿದಳು. ಅಳಲಿಲ್ಲ. ಕಡಲಿಗೆ ಮುಖ ಮಾಡಿ, ಯಾರನ್ನೋ ಹಿಡಿದು ನಿಲ್ಲಿಸಿ ಕೇಳುವವಳಂತೆ, "ಬಲಕ್ ಕೊಟ್ಯಲ್ಲೇ! ಬಲಕ್ ಕೊಟ್ಯಲ್ಲೇ!" ಎಂದು ಗಂಟಲು ಹರಿಯುವಷ್ಟು ಕೂಗಿದಳು. ನಾನು ಅವಳ ಸೆರಗು ಹಿಡಿದು ಹಿಂದೆ ನಿಂತಿದ್ದೆ.

ಅಜ್ಜಿ ಸಿಕ್ಕಿದ್ದು ಮೂರನೆಯ ದಿನ, ದೂರದ ಇನ್ನೊಂದು ದಡದಲ್ಲಿ. ಮೀನುಗಾರರು ತಮ್ಮವರ ಜಾಗದಲ್ಲೇ ಮಣ್ಣು ಮಾಡಲು ಅನುವು ಮಾಡಿಕೊಟ್ಟರು. ಕಲ್ಲು ಸಿಗಲೇ ಇಲ್ಲ. ವಾರದೊಳಗೆ ನಾವು ಊರಿಗೆ ಬಂದೆವು. ಹನ್ನೊಂದು ಸಂಸಾರ ಮತ್ತೆ ಒಟ್ಟಾಗಿ ಎಲ್ಲಿಗೂ ಹೋಗಲಿಲ್ಲ. ಜಯಂತಿಯನ್ನು ನಾನು ಮತ್ತೆ ನೋಡಲಿಲ್ಲ. ಆ ಮರಳಿನ ತುಂಡೂ ಈಗ ಇಲ್ಲವಂತೆ. ಮೀನುಗಾರರ ಮನೆಗಳು ಒಂದೊಂದಾಗಿ ಒಳಗೆ ಸರಿದು ಪೇಟೆಯಲ್ಲಿ ಕರಗಿಹೋದವಂತೆ.

ಅವ್ವ ಆಮೇಲೆ ಕೋಡಿಯ ಕಡೆ ತಿರುಗಿ ನೋಡಲಿಲ್ಲ. ಕೆರೆ ತುಂಬಿ ಊರೆಲ್ಲ ಮಾರಮ್ಮನಿಗೆ ತಂಬಿಟ್ಟಿನಾರತಿ ಒಯ್ದಾಗ ಬಾಗಿಲು ಹಾಕಿಕೊಂಡಳು. "ನಮ್ಮವ್ವನ್ನ ನಂಬ್ಸಿ ನೀರಿಗಾಕ್ದೋಳು ಅವಳು" ಎನ್ನುತ್ತಿದ್ದಳು. ಮನೆಯಲ್ಲಿ ದೀಪ ಹಚ್ಚುವುದನ್ನು ಬಿಟ್ಟಳು. ನನ್ನ ಮದುವೆಯಲ್ಲಿ ದೇವರ ಕೆಲಸವೆಲ್ಲ ಅಪ್ಪನೇ ಮಾಡಿದ. ನಿಮ್ಮ ತಾತ ತೀರಿಕೊಂಡಾಗ ಅವ್ವ ನನ್ನನ್ನು ತಬ್ಬಿ ಕೂತಿದ್ದಳೇ ಹೊರತು ಯಾವ ದೇವರ ಹೆಸರೂ ಅವಳ ಬಾಯಿಂದ ಬರಲಿಲ್ಲ. ಒಂದೊಂದು ಸಲವೂ ನನ್ನ ಗಂಟಲವರೆಗೆ ಬರುತ್ತಿತ್ತು: ಅವಳಲ್ಲ ಕಣವ್ವ, ನಾನು. ಅವಳು ಸುಳ್ಳಾಡಲಿಲ್ಲ. ಬಂದದ್ದು ಅಲ್ಲೇ ನಿಲ್ಲುತ್ತಿತ್ತು.

ಅಜ್ಜಿ ಇದ್ದಿದ್ದರೂ ಇಷ್ಟು ಹೊತ್ತಿಗೆ ವಯಸ್ಸಾಗಿ ಹೋಗಿರುತ್ತಿದ್ದಳು. ಶೆಡ್ಡುಗಳು ಹೇಗೂ ಉಳಿಯುತ್ತಿರಲಿಲ್ಲ. ಹಾಗೆಂದು ಎಷ್ಟೋ ಸಲ ಲೆಕ್ಕ ಹಾಕಿ ಸಮಾಧಾನ ಮಾಡಿಕೊಂಡಿದ್ದೇನೆ. ಆದರೆ ಅವ್ವ ಕೊನೆಗೆ ಮೈಸೂರಿನ ಆಸ್ಪತ್ರೆಯಲ್ಲಿ ಮಲಗಿದ್ದಾಗ ಅಕ್ಕಪಕ್ಕದ ಮಂಚದವರೆಲ್ಲ ನೋವು ಬಂದಾಗ ತಮ್ಮ ತಮ್ಮ ದೇವರನ್ನು ಕೂಗುತ್ತಿದ್ದರು. ಅವ್ವ ಹಲ್ಲು ಕಚ್ಚಿಕೊಂಡು ಮಂಚದ ಕಂಬಿ ಹಿಡಿದಿರುತ್ತಿದ್ದಳು. ಒಬ್ಬಳು ನರ್ಸಮ್ಮ ನೋಡಲಾರದೆ ಅವಳ ಹಣೆ ಸವರಿ, "ಒಳಗೇ ನುಂಗ್ಬೇಡಿ ಅಮ್ಮ. ಯಾರನ್ನಾದ್ರೂ ಕರೀರಿ, ಸ್ವಲ್ಪ ಹಗುರ ಆಗುತ್ತೆ" ಎಂದಳು.

ಅವ್ವ ಅವಳ ಮುಖವನ್ನೇ ನೋಡಿ, ಮಗುವಿನ ಹಾಗೆ ಕೇಳಿದಳು: "ಯಾರ್ನ ಕರೀಲಿ ತಾಯಿ?"

ನಾನು ಮಂಚದ ಈಚೆ ಕೂತಿದ್ದೆ.