ಒಳಗಿನಿಂದ ಚಿಲಕವಿದ್ದ ರೂಮು

ಮದುವೆಯಾಗದೆ ಒಬ್ಬಳೇ ಇರುವ ಹೆಂಗಸನ್ನು ಕಂಡರೆ ಜನಕ್ಕೆ ಎರಡೇ ಅನುಮಾನ. ಯಾರೋ ಕೈಕೊಟ್ಟಿರಬೇಕು, ಇಲ್ಲವೇ ಪುಸ್ತಕ ಓದಿ ತಲೆ ಕೆಟ್ಟಿರಬೇಕು. ನನಗೆ ಯಾರೂ ಕೈಕೊಡಲಿಲ್ಲ. ಓದಿದ್ದೂ ಪರೀಕ್ಷೆಗೆ ಬೇಕಾದಷ್ಟೇ. ಒಬ್ಬಳೇ ಇರುವ ಆಸೆ ನನಗೆ ಹತ್ತಿದ್ದು ಮೊಳಕಾಲ್ಮೂರಿನ ನಮ್ಮ ಮನೆಯಲ್ಲೇ, ಮಗ್ಗದ ಪಕ್ಕದಲ್ಲಿ.

ನಮ್ಮದು ರೇಷ್ಮೆ ಸೀರೆ ನೇಯುವ ಮನೆ. ಇದ್ದ ದೊಡ್ಡ ಕೋಣೆ ಮಗ್ಗದ್ದು, ಗಾಳಿ ಬೆಳಕಿನ ಕಿಟಕಿಯೂ ಅದರದ್ದೇ. ಉಳಿದ ಮೂಲೆಗಳಲ್ಲಿ ಅಜ್ಜಿ, ಅಪ್ಪ, ಅವ್ವ, ಚಿಕ್ಕಪ್ಪನ ಸಂಸಾರ, ನಾವು ಮಕ್ಕಳು ಸಿಕ್ಕಲ್ಲಿ ಮೈ ಚಾಚುತ್ತಿದ್ದೆವು. ಎಣ್ಣೆ ಕೈಯಲ್ಲಿ ಮಗ್ಗದ ಕಡೆ ಸುಳಿಯುವಂತಿಲ್ಲ, ಒಲೆಯ ಹೊಗೆಯೂ ಆ ಕಡೆ ತಿರುಗುವಂತಿಲ್ಲ. ಮಗ್ಗಕ್ಕಿದ್ದ ಮರ್ಯಾದೆ ನಮ್ಮ ಮನೆಯಲ್ಲಿ ಅಳಿಯನಿಗೂ ಇರಲಿಲ್ಲ. ಲಾಳಿಯೊಳಗೆ ಕೂರಿಸುವ ಸಣ್ಣ ಕಂಡಿಕೆಗೆ ನೂಲು ಸುತ್ತುವುದು ಹೆಣ್ಣುಮಕ್ಕಳ ಪಾಲಿನ ಕೆಲಸ. ಓದುತ್ತಿದ್ದರೂ ಕರೆ, ಉಣ್ಣುತ್ತಿದ್ದರೂ ಕರೆ.

ಅವ್ವನನ್ನಂತೂ ಎಲ್ಲರೂ ಕರೆಯುತ್ತಿದ್ದರು. ಅಪ್ಪ ಕಾಲು ಇಳಿಬಿಟ್ಟು ನೇಯುವ ಮಗ್ಗದ ಗುಂಡಿಯಿಂದ, ಅಜ್ಜಿ ಜಗಲಿಯಿಂದ, ಚಿಕ್ಕಮ್ಮ ಒಲೆಯ ಮುಂದಿನಿಂದ. ಸ್ನಾನಕ್ಕೆ ಹಿತ್ತಲಲ್ಲಿ ಒಂದು ಹಳೆ ಸೀರೆಯ ಮರೆ. ಬೆಳಕು ಹರಿಯುವ ಮೊದಲೇ ನಾಲ್ಕು ಚೊಂಬು ಸುರಿದುಕೊಂಡು ಅವಳು ಒಳಗೆ ಬಂದುಬಿಡಬೇಕು. ಬಾಗಿಲು ಅಂತ ಇದ್ದದ್ದು ಬೀದಿ ಬಾಗಿಲು ಒಂದೇ. ಹಗಲು ಅದನ್ನು ಮುಚ್ಚಿದರೆ ಒಳಗೇನು ನಡೆದಿದೆ ಎಂದು ಓಣಿಯವರೇ ವಿಚಾರಿಸಲು ಬರುತ್ತಿದ್ದರು.

ತೊಂಬತ್ತರ ದಶಕದ ಕೊನೆಗೆ ಟಿ.ಸಿ.ಎಚ್. ಮುಗಿಸಿದ ನನಗೆ ಚಳ್ಳಕೆರೆಯಲ್ಲಿ ಸರ್ಕಾರಿ ಶಾಲೆಯ ಕೆಲಸ ಸಿಕ್ಕಿತು. ದಿನಾ ಬಸ್ಸಿನಲ್ಲಿ ಓಡಾಡು ಎಂದ ಅಪ್ಪ. ಬಸ್ಸು ದಾರಿಯ ಬಿ.ಜಿ. ಕೆರೆ ದಾಟುವಷ್ಟರಲ್ಲೇ ಕೆಟ್ಟು ನಿಂತು, ನಾನು ತಡವಾಗಿ ಹೋಗಿ ಬೈಸಿಕೊಂಡ ಮೇಲೆ ರೂಮು ಹಿಡಿಯಲು ಒಪ್ಪಿದ. ಎಣ್ಣೆ ಗಿರಣಿಯವರ ದೊಡ್ಡ ಮನೆಯ ಹಿಂಭಾಗದ, ಬಚ್ಚಲೂ ಒಳಗೇ ಇದ್ದ ರೂಮು ಅದು.

"ಒಬ್ರೇನಾ ಟೀಚರಮ್ಮ? ಹಂಗಾದ್ರೆ ರೂಮಿಗೆ ಯಾರೂ ಬರೋ ಹಂಗಿಲ್ಲ ನೋಡ್ರಿ," ಎಂದರು ಮನೆಯೊಡತಿ.

"ಯಾರೂ ಬರಬಾರ್ದು ಅಂತಾನೇ ಬಂದಿದೀನ್ರಿ," ಎಂದೆ. ಅವರಿಗೆ ಅದು ಅರ್ಥವಾಗಲಿಲ್ಲ.

ಮೊದಲ ವಾರದ ನನ್ನ ಫಜೀತಿ ನೆನೆದರೆ ನಗು ಬರುತ್ತದೆ. ಅಷ್ಟೆಲ್ಲ ಜಾಗವಿದ್ದರೂ ಗೋಡೆಗಂಟಿ ಮುದುರಿಕೊಂಡೇ ಮಲಗುತ್ತಿದ್ದೆ. ಅನ್ನ ಇಟ್ಟರೆ ಮನೆಮಂದಿಗೆಲ್ಲ ಆಗುವಷ್ಟು. ಆಮೇಲೆ ಒಬ್ಬಳೇ ಇರುವುದರ ರುಚಿ ಹತ್ತಿತು. ಚಿಲಕ ಹಾಕಿಕೊಂಡು ಸುಮ್ಮನೆ ಕೂರುವುದಕ್ಕಿಂತ ದೊಡ್ಡ ಸುಖ ಇನ್ನೊಂದಿದೆ ಅಂತ ನನಗೆ ಇವತ್ತಿಗೂ ಅನ್ನಿಸಿಲ್ಲ.

ಗಿರಣಿಯವರ ಒಬ್ಬಳೇ ಮಗಳು ನನ್ನ ವಯಸ್ಸಿನವಳು. ಅವಳಿಗೊಂದು ಕೋಣೆ, ಅವಳ ಬಟ್ಟೆಗಳಿಗೊಂದು ಕೋಣೆ. ಅವಳ ಕನಸು ಏನೆಂದರೆ, ಹತ್ತಾರು ಜನ ಒಂದೇ ಒಲೆಯ ಅಡುಗೆ ಉಂಡು, ಸಾಲಾಗಿ ಚಾಪೆ ಹಾಸಿ ಮಲಗುವ ಯಾವುದಾದರೂ ಆಶ್ರಮ ಸೇರುವುದು.

"ನಿಮ್ಮನೇಲಿ ಎಷ್ಟು ಚಂದ ಅಲ್ವೇನ್ರಿ, ಯಾವಾಗ್ಲೂ ಜನ ಇರ್ತಾರೆ," ಎನ್ನುತ್ತಿದ್ದಳು.

"ಹೋಗಿ ಇದ್ದು ಬರ್ರಿ. ಕಂಡಿಕೆ ಸುತ್ತಾಕೆ ಒಂದು ಆಳು ಕಡಿಮೆ ಐತೆ," ಎನ್ನುತ್ತಿದ್ದೆ ನಾನು.

ಅವಳಿಗೊಂದು ಹುಚ್ಚು, ನನಗೊಂದು ಹುಚ್ಚು ಎಂದು ಜನ ಆಡಿಕೊಂಡರು. ನಾವಿಬ್ಬರೂ ಬೆಳೆದ ಮನೆಗಳ ಒಳಗೆ ಯಾರೂ ಇಣುಕಿ ನೋಡಲಿಲ್ಲ.

ಎರಡನೇ ವರ್ಷ ಅಪ್ಪ ಗಂಡು ಗೊತ್ತುಮಾಡಿದ. ಗಂಡಿನದೂ ನೇಯುವ ಮನೆ, ನಮಗಿಂತ ಒಂದು ಮಗ್ಗ ಹೆಚ್ಚು, ಜನವೂ ಹೆಚ್ಚು. ಊರಿಗೆ ಹೋದಾಗ ಒಲ್ಲೆ ಎಂದೆ. ಸಿಟ್ಟು ಬಂದರೆ ಅಪ್ಪನ ಮಾತು ತೆಲುಗಿಗೆ ಹೊರಳುತ್ತಿತ್ತು. ಆ ದಿನ ಅದು ಕನ್ನಡಕ್ಕೆ ವಾಪಸು ಬರಲೇ ಇಲ್ಲ. ನಾನು ಚಳ್ಳಕೆರೆಗೆ ಬಂದ ಮೇಲೆ, ಗುರುವಾರ ಹೆಣ್ಣು ನೋಡಲು ಬರುತ್ತಾರೆ, ರೂಮು ಖಾಲಿ ಮಾಡಿಸಿ ಮಗಳನ್ನು ಕರೆದುಕೊಂಡು ಬಾ ಎಂದು ಅವ್ವನನ್ನು ಕಳಿಸಿದ.

ಬುಧವಾರ ಬೆಳಿಗ್ಗೆ ಅವ್ವ ಬಂದಿಳಿದಳು. "ಸಾಯಂಕಾಲದ ಬಸ್ಸಿಗೆ ಹೋಗಾಣ. ಸಾಮಾನೆಲ್ಲ ಕಟ್ಟಿಡ್ತೀನಿ, ನೀನು ಇಸ್ಕೂಲು ಮುಗಿಸ್ಕಂಡು ಬಾ," ಎಂದಳು. ಅಪ್ಪನಿಗಾದರೆ ಎದುರಾಡಬಲ್ಲೆ, ಅವ್ವನಿಗೆ ನನ್ನಿಂದ ಆಗುತ್ತಿರಲಿಲ್ಲ. ಇಡೀ ದಿನ ಮಗ್ಗಿ ಹೇಳಿಸುತ್ತಾ, ನನ್ನ ರೂಮು ಹೋಯಿತು ಎಂದು ಒಳಗೊಳಗೇ ಸಂಕಟಪಟ್ಟೆ.

ಸಂಜೆ ಬಂದರೆ ಬಾಗಿಲಿಗೆ ಒಳಗಿನಿಂದ ಚಿಲಕ. ಬಡಿದೆ, ಕೂಗಿದೆ. ಮತ್ತೆ ಜೋರಾಗಿ ಬಡಿದೆ. ಸ್ವಲ್ಪ ಹೊತ್ತಿನ ಮೇಲೆ ಅವ್ವ ನಿಧಾನಕ್ಕೆ ಬಾಗಿಲು ತೆಗೆದಳು. ತಲೆಗೆ ಎರೆದುಕೊಂಡು ಕೂದಲು ಹರವಿಕೊಂಡಿದ್ದಳು. ಅವಳ ಕೂದಲು ಅಷ್ಟು ಉದ್ದವಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಸಾಮಾನು ಒಂದನ್ನೂ ಕಟ್ಟಿರಲಿಲ್ಲ. ಚಾಪೆ ರೂಮಿನ ನಟ್ಟನಡುವೆ ಬಿದ್ದಿತ್ತು.

"ನಿದ್ದೆ ಹತ್ತಿತ್ತೇನವ್ವಾ?"

"ನಿದ್ದೆ ಏನಿಲ್ಲ, ಸುಮ್ಕೆ ಬಿದ್ಕಂಡಿದ್ದೆ." ಆಮೇಲೆ ತಾನೇ ನಂಬದವಳ ಹಾಗೆ, "ಬೆಳಿಗ್ಗೆಯಿಂದ ಯಾರೂ ಕರೀಲೇ ಇಲ್ಲ ಕಣೇ," ಎಂದಳು.

ಬಸ್ಸಿನ ಹೊತ್ತು ಮೀರಿತು. ಅವಳೂ ಏಳಲಿಲ್ಲ, ನಾನೂ ನೆನಪಿಸಲಿಲ್ಲ. ಗುರುವಾರ ಬೆಳಿಗ್ಗೆ ನನಗಿಂತ ಮೊದಲು ಅವಳೇ ಬುತ್ತಿ ಕಟ್ಟಿ, "ನೀನು ಇಸ್ಕೂಲಿಗೆ ಹೋಗು, ನಾನು ಇವತ್ತೂ ಇರ್ತೀನಿ," ಎಂದಳು. ಅತ್ತ ಮೊಳಕಾಲ್ಮೂರಿನಲ್ಲಿ ಗಂಡಿನವರು ಬಂದು, ಹುಡುಗಿಯೂ ಇಲ್ಲ ಹುಡುಗಿಯ ತಾಯಿಯೂ ಇಲ್ಲ ಎಂದು ಮುಖ ಸಿಂಡರಿಸಿಕೊಂಡು ಎದ್ದು ಹೋದರಂತೆ.

ಶುಕ್ರವಾರ ಅವಳನ್ನು ಬಸ್ಸು ಹತ್ತಿಸಲು ಹೋದೆ. ಮನೆಯಲ್ಲಿ ಅವಳಿಗೆ ಏನು ಕಾದಿದೆ ಎಂದು ಇಬ್ಬರಿಗೂ ಗೊತ್ತಿತ್ತು. ನನಗೆ ಅಳು ತಡೆಯಲಾಗಲಿಲ್ಲ.

"ನಿಮ್ಮಪ್ಪಗೆ ನಾನು ಹೇಳ್ಕಂತೀನಿ, ಅಳಬ್ಯಾಡ," ಎಂದಳು ಅವ್ವ. "ಮದ್ವೆ ಆದ್ರೆ ಆಗು, ಬಿಟ್ರೆ ಬಿಡು. ರೂಮು ಮಾತ್ರ ಬಿಡಬ್ಯಾಡ."

ಅಪ್ಪ ಬಹಳ ದಿನ ನನ್ನೊಂದಿಗೆ ಮಾತು ಬಿಟ್ಟ. ಅವ್ವ ಮಾತ್ರ ಆಗಾಗ ಏನಾದರೊಂದು ನೆಪ ಹೇಳಿಕೊಂಡು ಬರುತ್ತಿದ್ದಳು. ಅವಳು ಬಂದ ದಿನ ನಾನು ಶಾಲೆ ಬಿಟ್ಟ ಮೇಲೂ ಬೇಕೆಂದೇ ಪೇಟೆಯಲ್ಲಿ ಸುತ್ತಾಡಿಕೊಂಡು, ಕತ್ತಲಾದ ಮೇಲೆ ರೂಮಿಗೆ ಹೋಗುತ್ತಿದ್ದೆ.