ಎರಡು ಇಂಜಿನ್ನು, ಒಂದು ರೊಟ್ಟಿಯ ಸಪ್ಪಳ

ನನ್ನ ತಮ್ಮ ಸಿಂಧನೂರಿನಲ್ಲಿ ಒಂದು ಪಿಕಪ್ ಇಟ್ಟಿದ್ದಾನೆ. ಸಾಮಾನು ಹೊರುವುದಕ್ಕಲ್ಲ, ಎಳೆಯುವುದಕ್ಕೆ. ಭತ್ತದ ಕೊಯ್ಲು ಬಂತೆಂದರೆ ಅವನಿಗೆ ಕೂಡಲು ಪುರುಸೊತ್ತಿಲ್ಲ. ಕೊಯ್ಯುವ ಮಷಿನ್ನಿನ ಮುಂದಿನ ಅಗಲ ಬಾಯಿಯನ್ನು ಬಿಚ್ಚಿ, ಗಾಲಿಯ ಮೇಲಿಟ್ಟು, ಹೊಲದಿಂದ ಹೊಲಕ್ಕೆ ಎಳೆದೊಯ್ಯಬೇಕು. ಹಸಿ ನೆಲದಲ್ಲಿ ಹೂತ ಭತ್ತದ ಟ್ರಾಲಿಗಳನ್ನು ಕಾಲುವೆ ರಸ್ತೆಯ ಮೇಲೆ ನಿಂತು ಸರಪಳಿ ಹಾಕಿ ಮೇಲಕ್ಕೆ ತರಬೇಕು. ಮಷಿನ್ನಿನವರು ಒಬ್ಬನನ್ನು ಗೊತ್ತು ಮಾಡಿಕೊಂಡರೆ ವರ್ಷ ವರ್ಷ ಅವನನ್ನೇ ಕರೆಯುತ್ತಾರೆ. ಒಂದು ಸುಗ್ಗಿ ತಪ್ಪಿದರೆ ಆ ಜಾಗದಲ್ಲಿ ಇನ್ನೊಬ್ಬ ಬಂದು ನಿಲ್ಲುತ್ತಾನೆ.

ಈ ಸಲ ಕೊಯ್ಲು ಇನ್ನೇನು ಶುರುವಾಗಬೇಕು, ಅವನ ಗಾಡಿಯ ಇಂಜಿನ್ ಸೀಳಿಹೋಯಿತು. ರಿಪೇರಿಗೆ ಬರುವಂಥದ್ದಲ್ಲ. ಹಳೇ ಇಂಜಿನ್ ಒಂದನ್ನು ತಂದು ಕೂಡಿಸಬೇಕು. ಲಿಂಗಸುಗೂರಿನಲ್ಲಿದ್ದ ನನಗೆ ಫೋನು ಮಾಡಿದ.

"ಅಣ್ಣ, ನೀ ಬಂದು ಕೇಳಬೇಕು."

ನೋಡಬೇಕು ಎನ್ನಲಿಲ್ಲ, ಕೇಳಬೇಕು ಎಂದ. ಅದಕ್ಕೆ ಕಾರಣವಿದೆ. ನಾನು ಹಟ್ಟಿಯ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದಷ್ಟು ವರ್ಷ ಗಾಳಿ ಒತ್ತುವ ದೊಡ್ಡ ಯಂತ್ರಗಳನ್ನು ನೋಡಿಕೊಂಡವನು. ಪಾಳಿ ಹತ್ತಿದ ಕೂಡಲೆ ಎಣ್ಣೆ ನೋಡುವುದು, ನೀರು ನೋಡುವುದು, ಆಮೇಲೆ ಸಾಗುವಾನಿಯ ಕೋಲಿನ ಒಂದು ತುದಿ ಯಂತ್ರಕ್ಕೆ, ಇನ್ನೊಂದು ತುದಿ ಕಿವಿಯ ಎಲುಬಿಗೆ ಹಚ್ಚಿ ಒಳಗಿನ ಸಪ್ಪಳ ಕೇಳುವುದು. ಈ ಕ್ರಮ ಒಂದು ದಿನವೂ ತಪ್ಪಲಿಲ್ಲ. ನಿವೃತ್ತನಾಗಿ ಬರುವಾಗ ಕೋಲನ್ನು ಜೊತೆಗೆ ತಂದೆ. ಅಲ್ಲಿಂದೀಚೆ ನಮ್ಮ ಮನೆತನದಲ್ಲಿ ಪಂಪಾಗಲಿ, ಟ್ರ್ಯಾಕ್ಟರಾಗಲಿ ನಾನು ಕೇಳದೆ ಒಳಗೆ ಬಂದದ್ದಿಲ್ಲ. ನಾನು ಕೋಲು ಹಿಡಿದರೆ ಸುತ್ತ ನಿಂತವರು ಮಾತು ನಿಲ್ಲಿಸುತ್ತಾರೆ. ನನ್ನೆದುರಿಗೆ ಕಿರಿಯರು ಯಾರೂ ಯಂತ್ರಕ್ಕೆ ಕಿವಿ ಕೊಡುವುದಿಲ್ಲ. ಹಾಗೆಂದು ಯಾರೂ ಹೇಳಿದ್ದಲ್ಲ, ಹಾಗೇ ನಡೆದು ಬಂದಿದೆ.

ಆದರೆ ವಯಸ್ಸಾದಂತೆ ಕಿವಿ ಸವೆದವು. ಎದುರಿಗೆ ನಿಂತು ಮಾತಾಡಿದರೆ ತಿಳಿಯುತ್ತದೆ, ಬೆನ್ನ ಹಿಂದಿನದು ತಿಳಿಯುವುದಿಲ್ಲ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಆದರೂ ಮಾತು ಕೇಳದ ಕಿವಿಗೆ ಇಂಜಿನ್ ಕೇಳುತ್ತದೆ ಎಂದೇ ಅವರು ನಂಬಿದ್ದರು. ಕೋಲು ಹಿಡಿಯುವ ಪ್ರಸಂಗ ಈಚೆಗೆ ಬಂದಿರಲಿಲ್ಲವಾದ್ದರಿಂದ ನಾನೂ ಅರ್ಧ ನಂಬಿದ್ದೆ.

ಬೆಳಗಿನ ಬಸ್ಸಿಗೆ ಹೊರಟು, ಸಂತೆಕಲ್ಲೂರು ದಾಟಿ ಮಸ್ಕಿಯಲ್ಲಿ ಇಳಿದೆ. ಊರ ಹೊರಗೆ ರಸ್ತೆ ಪಕ್ಕದ ಶೆಡ್ಡಿನಲ್ಲಿ ತಮ್ಮ ಕಾಯುತ್ತಿದ್ದ. ಶೆಡ್ಡಿನವನು ಹಳೇ ಇಂಜಿನ್ ಮಾರುವವನು, ಮಾತುಗಾರ. ಅವನ ಹತ್ತಿರ ಮೂರು ಇಂಜಿನ್ ಇದ್ದವು. ಒಂದು ಜನ ಹೊರುವ ಗಾಡಿಯದು, ಚೊಕ್ಕವಾಗಿತ್ತು. ತಮ್ಮನ ಕಣ್ಣು ಅದರ ಮೇಲೇ ಇತ್ತು.

"ಇದು ಛಲೋ ಓಡ್ತೈತಿ ಅಣ್ಣ. ಮುಕ್ಕುಂದದ ಹೊಲದಿಂದ ಫೋನ್ ಬಂದ್ರ ಜಲ್ದಿ ಮುಟ್ಟಬೇಕಲ್ಲ."

"ಮುಟ್ಟಿದ ಮ್ಯಾಲ ಎಳೀಬೇಕಲ್ಲ" ಎಂದೆ.

ಆ ಇಂಜಿನ್ನಿಗೆ ಶಕ್ತಿ ಬರುವುದು ಜೋರಾಗಿ ತಿರುಗಿದಾಗ. ಹೂತ ಟ್ರಾಲಿಯನ್ನು ಎಳೆಯುವಾಗ ಜೋರಾಗಿ ತಿರುಗಿಸಿ ಬಿಟ್ಟರೆ ಒಂದೋ ಗಾಲಿ ನಿಂತಲ್ಲೇ ಸುತ್ತುತ್ತದೆ, ಇಲ್ಲವೇ ಕ್ಲಚ್ ಸುಟ್ಟುಹೋಗುತ್ತದೆ. ಎಳೆಯುವ ಗಾಡಿಗೆ ನಿಧಾನ ತಿರುಗುವಾಗಲೇ ಜಗ್ಗುವ ಇಂಜಿನ್ ಬೇಕು. ಓಟ ಕಡಿಮೆಯಾದರೆ ಆಗಲಿ. ಉಳಿದೆರಡು ಅಂಥವೇ, ಸಣ್ಣ ಲಾರಿಯಿಂದ ಬಿಚ್ಚಿದವು, ಒಂದೇ ನಮೂನೆಯವು. ಇಷ್ಟರವರೆಗೆ ನನಗೆ ಅನುಮಾನವಿರಲಿಲ್ಲ. ತಮ್ಮನೂ ಒಪ್ಪಿದ.

ಎರಡನ್ನೂ ಕಬ್ಬಿಣದ ಚೌಕಟ್ಟಿನ ಮೇಲೆ ಕೂಡಿಸಿ, ಡೀಸೆಲ್ ಕ್ಯಾನು, ಬ್ಯಾಟರಿ ಜೋಡಿಸಿದರು. ಎಣ್ಣೆ ಬೆರಳಿಗೆ ಹಚ್ಚಿ ತಿಕ್ಕಿ ನೋಡಿದೆ, ಹೊಗೆ ನೋಡಿದೆ. ಎರಡೂ ಸರಿ. ಕೆಳಗಿನ ಬೇರಿಂಗ್ ಹೇಗಿದೆ ಎನ್ನುವುದು ಮಾತ್ರ ಉಳಿಯಿತು. ಅದು ಕಣ್ಣಿಗೆ ಕಾಣುವುದಿಲ್ಲ. ಅದು ಸವೆದಿದ್ದರೆ ಮೊದಲನೇ ಭಾರಕ್ಕೇ ಇಂಜಿನ್ ಬಿಗಿದು ನಿಲ್ಲುತ್ತದೆ, ತಮ್ಮನ ಸುಗ್ಗಿಯೂ ಅಲ್ಲಿಗೆ ಮುಗಿಯುತ್ತದೆ.

ಕೋಲು ಹಚ್ಚಿದೆ. ತಮ್ಮ ಸುಮ್ಮನಾದ, ಶೆಡ್ಡಿನವನೂ ಸುಮ್ಮನಾದ. ನನ್ನ ಕಿವಿಯಲ್ಲಿ ಒಂದೇ ಒಂದು ಮೊರೆತ. ಹಿಂದೆ ಅದೇ ಮೊರೆತದೊಳಗೆ ಒಂದೊಂದು ಭಾಗ ಬೇರೆ ಬೇರೆಯಾಗಿ ಮಾತಾಡುತ್ತಿತ್ತು. ಕೋಲಿನ ಜಾಗ ಬದಲಿಸಿದೆ. ಅದೇ ಮೊರೆತ. ಎರಡನೇ ಇಂಜಿನ್ನಿಗೆ ಹೋದೆ. ಅಲ್ಲೂ ಅದೇ. ಕೈಯಿಟ್ಟೆ. ಕೈಗೆ ಬರೀ ಅದುರು ತಿಳಿಯಿತು, ಅದರಲ್ಲಿ ಬೇರಿಂಗಿನದು ಯಾವುದೆಂದು ತಿಳಿಯಲಿಲ್ಲ. ಕಿವಿಗೆ ಹಾಕುವ ಯಂತ್ರ ಜೇಬಿನಲ್ಲಿತ್ತು, ಹಾಕಿ ನೋಡಿದೆ. ಮೊರೆತ ದೊಡ್ಡದಾಯಿತು ಅಷ್ಟೇ.

ಇಂಜಿನ್ ನಿಲ್ಲಿಸಲು ಕೈ ಮಾಡಿದೆ.

"ಯಾವುದಣ್ಣ?" ಎಂದ ತಮ್ಮ.

"ನನಗ ಕೇಳವಲ್ದು."

ಅವನು ನಕ್ಕ, ತಮಾಷೆ ಎಂದುಕೊಂಡ. ನನ್ನ ಮುಖ ನೋಡಿ ನಗು ನಿಲ್ಲಿಸಿದ.

"ಎರಡೂ ಒಂದs ಅದಾವ್ರಿ ಯಜಮಾನ್ರ, ಕಣ್ಣು ಮುಚ್ಚಿ ಒಯ್ಯಿರಿ" ಎಂದ ಶೆಡ್ಡಿನವನು.

"ಕಣ್ಣು ತೆಗದಾವಪ್ಪ, ಮುಚ್ಚಿದ್ದು ಕಿವಿ" ಎಂದು ಕೋಲನ್ನು ತಮ್ಮನ ಕೈಗಿಟ್ಟೆ. "ನೀ ಕೇಳು."

ಅವನು ಹಿಂದೆ ಸರಿದ. ಎಂದೂ ಹಿಡಿದವನಲ್ಲ. ನನ್ನೆದುರಿಗಂತೂ ಆಗುವುದೇ ಇಲ್ಲ ಎಂಬಂತೆ ನಿಂತ. ಎರಡು ಸಲ ಹೇಳಿದ ಮೇಲೆ ಹಿಡಿದ. ಇಂಜಿನ್ ಮತ್ತೆ ಚಾಲೂ ಮಾಡಿಸಿ, ಎಲ್ಲಿ ಹಚ್ಚಬೇಕೆಂದು ತೋರಿಸಿದೆ. ಮೊದಲನೆಯದನ್ನು ಕೇಳಿ ಮುಗಿಸಿ ಎದುರಿಗೆ ಬಂದ.

"ಸಪ್ಪಳ ಬರ್ತೈತಿ."

"ಇಂಜಿನ್ ಅಂದ್ರ ಬರ್ತೈತಿ. ಎಂಥಾ ಸಪ್ಪಳ?"

ಮತ್ತೊಮ್ಮೆ ಕೋಲು ಹಚ್ಚಿ ಬಂದ. "ಕಾಳು ಹಾಕದ ಬೀಸೂಕಲ್ಲು ತಿರುವಿದಂಗ."

ಕಲ್ಲಿಗೆ ಕಲ್ಲು. ಅದು ಹೋದ ಬೇರಿಂಗ್. ನಾನು ಎರಡನೆಯದನ್ನು ತೋರಿಸಿದೆ. ಅದನ್ನು ಕೇಳಿ ಬಂದು, "ಅವ್ವ ರೊಟ್ಟಿ ಬಡದಂಗ" ಎಂದ.

ಇಲ್ಲಿ ನಾನು ಸಿಕ್ಕಿಕೊಂಡೆ. ರೊಟ್ಟಿ ಬಡಿಯುವ ಸಪ್ಪಳ ಒಂದಲ್ಲ. ಹಿಟ್ಟಿನ ಉಂಡೆ ದಪ್ಪವಿದ್ದಾಗ ಬೀಳುವ ಪೆಟ್ಟು ಮೆತ್ತಗೆ, ಆಳದಿಂದ ಬರುತ್ತದೆ. ರೊಟ್ಟಿ ತೆಳುವಾದ ಮೇಲಿನ ಪೆಟ್ಟು ಚಟಚಟ ಎನ್ನುತ್ತದೆ. ಮೊದಲಿನದಾದರೆ ಪೆಟ್ಟು ಕೆಳಗಿನ ಬೇರಿಂಗಿನದು, ಈ ಇಂಜಿನ್ನೂ ಕೆಟ್ಟದ್ದೇ. ಕಡೆಯದಾದರೆ ಮೇಲಿನ ವಾಲ್ವು ಸಡಿಲವಾಗಿದೆ ಅಷ್ಟೇ, ಬಿಗಿ ಮಾಡಿದರೆ ಮುಗಿಯಿತು.

"ಮೊದಲ ಬಡದಂಗೋ, ಕಡೀಗೆ ಬಡದಂಗೋ?"

"ನನಗೇನು ಗೊತ್ತಣ್ಣ. ರೊಟ್ಟಿ ತಾಟಿಗೆ ಬಂದ ಮ್ಯಾಲ ನಾ ಕೂಡಾಂವ."

ಯಾವುದು ಒಳ್ಳೆಯದೆಂದು ಅವನಿಗೆ ಹೇಳಲಿಲ್ಲ. ಹೇಳಿದ್ದರೆ ಅವನ ಕಿವಿಗೆ ಒಳ್ಳೆಯದೇ ಕೇಳುತ್ತಿತ್ತು. ಇಂಜಿನ್ ಅವನಿಗೆ ಅಷ್ಟು ತುರ್ತಾಗಿ ಬೇಕಾಗಿತ್ತು.

ಆಗ ಅವನೇ ಫೋನು ತೆಗೆದು ಮನೆಗೆ ಹಚ್ಚಿದ. ಅವನ ಹೆಂಡತಿ ಆಡಿದ್ದು ನನಗೆ ಕೇಳಲಿಲ್ಲ, ಆಮೇಲೆ ಅವಳೇ ನನ್ನೆದುರು ಕೂತು ಹೇಳಿದಳು.

"ಹಿಟ್ಟು ನಾದಿ ಏನು?"

"ನಾದೀನ್ರಿ. ಊಟಕ್ಕ ಬರ್ತೀರೇನು?"

"ಇಲ್ಲ. ಒಂದು ರೊಟ್ಟಿ ಬಡಿ. ಫೋನು ಹಲಗಿ ಹತ್ರ ಇಡು."

"ಇಂಜಿನ್ ತರಾಕ ಹೋಗೀರೋ, ರೊಟ್ಟಿ ಎಣಸಾಕ ಹೋಗೀರೋ? ಭಾವಾರು ಬಾಜೂಕ ಅದಾರೇನು? ಅವರ ಮುಂದ ಹಿಂಗೆಲ್ಲ ಆಡಬ್ಯಾಡ್ರಿ."

"ಭಾವಾರs ಬಡಿ ಅಂದಾರ."

ಬಡಿದಳು. ಹೆದ್ದಾರಿಯ ಅಂಚಿನಲ್ಲಿ ನನ್ನ ತಮ್ಮ ಒಂದು ಕಿವಿಗೆ ಫೋನು ಒತ್ತಿ, ಇನ್ನೊಂದನ್ನು ಬೆರಳಿನಿಂದ ಮುಚ್ಚಿ, ಹಣೆ ಗಂಟಿಕ್ಕಿ ನಿಂತಿದ್ದ. ಫೋನು ಇಟ್ಟು ಮತ್ತೆ ಕೋಲು ಹಚ್ಚಿದ. ಮತ್ತೆ ಮನೆಗೆ ಹಚ್ಚಿದ, ಇನ್ನೊಂದು ರೊಟ್ಟಿ ಬಡಿಸಿದ. ಶೆಡ್ಡಿನವನು ಬಾಯಿಗೆ ಟವೆಲ್ ಒತ್ತಿ ನಗುತ್ತಿದ್ದ. ನನಗೆ ನಗು ಬರಲಿಲ್ಲ. ಇಡೀ ಆಯುಷ್ಯ ನಾನೇ ಮಾಡಿದ ಕೆಲಸ ನನ್ನ ಎದುರಿಗೇ ನಡೆಯುತ್ತಿತ್ತು. ಅದು ಸರಿ ನಡೆಯಿತೋ ತಪ್ಪು ನಡೆಯಿತೋ ನೋಡುವ ದಾರಿ ನನಗಿರಲಿಲ್ಲ.

"ಕಡೀದು" ಎಂದ ಕೊನೆಗೆ.

"ಖರೇನ?"

"ಕಡೀದs ಅಣ್ಣ. ರೊಟ್ಟಿ ಎತ್ತಿ ಹಂಚಿಗೆ ಹಾಕೂಕಿಂತ ಮೊದಲಿಂದು."

ಅದನ್ನೇ ತಂದೆವು. ವಾಲ್ವು ಬಿಗಿ ಮಾಡಿಸಿ ಗಾಡಿಗೆ ಕೂಡಿಸಿದರು. ಅದು ಮುಗಿಯುವ ತನಕ ನಾನು ಸಿಂಧನೂರಿನಲ್ಲೇ ಉಳಿದೆ. ಬೆಳಿಗ್ಗೆ ಎದ್ದು ನಡೆದು ಬರುತ್ತಿದ್ದೆ, ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೆ. ತಟ್ಟೆಗೆ ರೊಟ್ಟಿ ಬೀಳುವಾಗೆಲ್ಲ, ಇದರ ಸಪ್ಪಳ ನನಗೆ ಕೇಳಿಸಲಿಲ್ಲವಲ್ಲ ಎಂದುಕೊಳ್ಳುತ್ತಿದ್ದೆ.

ಮೊದಲ ಕರೆ ಮುಕ್ಕುಂದದಿಂದ ಬಂತು. ತುಂಬಿದ ಟ್ರಾಲಿ ಕಾಲುವೆ ಏರಿಯ ಕೆಳಗೆ ಹೂತಿತ್ತು. ನಾನೂ ಹೋಗಿ ಏರಿಯ ಮೇಲೆ ನಿಂತೆ. ತಮ್ಮ ಸರಪಳಿ ಹಾಕಿ ಗಾಡಿ ಹತ್ತಿದ. ಹತ್ತುವಾಗ ರೂಢಿಯಂತೆ ನನ್ನ ಕಡೆ ನೋಡಿದ. ನಾನು ಅವನ ಕಿವಿಯ ಕಡೆ ಬೆರಳು ತೋರಿಸಿದೆ.

ಸರಪಳಿ ಬಿಗಿಯಿತು. ನೆಟ್ಟಗಾಗಿ ಸೆಟೆದು ಹಾಗೇ ನಿಂತಿತು. ಹೊಗೆ ದಟ್ಟವಾಯಿತು. ನನ್ನ ಪಾಲಿಗೆ ಎಲ್ಲ ಅದೇ ಒಂದು ಮೊರೆತ. ಇಂಜಿನ್ ಬಡಿಯುತ್ತಿದೆಯೋ ಎಂದು ಪಕ್ಕದವರ ಮುಖ ನೋಡಿದೆ. ಅವರು ಟ್ರಾಲಿ ನೋಡುತ್ತಿದ್ದರು. ಆಮೇಲೆ ಟ್ರಾಲಿಯ ಗಾಲಿ ಕೆಸರು ಬಿಟ್ಟು ಅಲುಗಿತು, ನಿಧಾನವಾಗಿ ಏರಿ ಹತ್ತಿ ಬಂತು.

ತಮ್ಮ ಇಂಜಿನ್ ನಿಲ್ಲಿಸದೆ ಇಳಿದ. ಬಾನೆಟ್ ಎತ್ತಿ, ಸೀಟಿನ ಹಿಂದಿನಿಂದ ನನ್ನ ಕೋಲು ತೆಗೆದು ಹಚ್ಚಿ, ಕಣ್ಣು ಮುಚ್ಚಿದ. ಟ್ರಾಲಿಯವರು ಏನೋ ಮಾತಾಡುತ್ತಿದ್ದರು, ಬಾಯಿ ಆಡುವುದು ಕಂಡಿತು. ಕೈ ಎತ್ತಿ ಸುಮ್ಮನಿರಿಸಿದೆ.

ಇಂಜಿನ್ ಹೇಗಿದೆಯೆಂದು ಅವನು ಹೇಳುವ ತನಕ ನಾನೂ ಅವರ ಜೊತೆ ಕಾಯುತ್ತ ನಿಂತೆ.